ಬಹುಭಾಷಾ ಪತ್ರಗಳಲ್ಲಿ ಭಾಷಾನಿರ್ಣಯವೂ ಅಕ್ಷರಶುದ್ಧಿಯೂ

೧

ಬರೆಹದ ತಪ್ಪು ಒಪ್ಪುಗಳನ್ನು ನಿರ್ಣಯಿಸುವುದಕ್ಕೆ ಮೊದಲು ಆ ಬರೆಹ ಯಾವ ಭಾಷೆಯದೆಂಬುದು ನಿರ್ಣಯವಾಗಬೇಕು. ಓದುಬಲ್ಲ ಮನುಷ್ಯನಿಗೆ ಇದೊಂದು ಪ್ರಶ್ನೆಯಾಗಿಯೇ ತೋರುವುದಿಲ್ಲ. ಪದವನ್ನು ಕಂಡೊಡನೆಯೇ ಅದರ ಕುಲವೂ ಅವನಿಗೆ ತಿಳಿದುಬಿಡುತ್ತದೆ. ಗಣಕಯಂತ್ರಕ್ಕಾದರೋ ಪದವೆಂಬುದು ಸಂಕೇತಗಳ ಒಂದು ಸಾಲು ಮಾತ್ರ. ಆ ಸಾಲನ್ನು ಯಾವ ನಿಘಂಟಿನೊಡನೆ ಒರೆಹಚ್ಚಿ ನೋಡಬೇಕೆಂಬುದನ್ನು ಯಾರಾದರೂ ಅದಕ್ಕೆ ಹೇಳಬೇಕು, ಇಲ್ಲವೆ ಅದು ತಾನಾಗಿ ಊಹಿಸಬೇಕು. ಊಹೆ ತಪ್ಪಿದರೆ ಶುದ್ಧವಾದ ಪದದ ಕೆಳಗೆ ಕೆಂಪುಗೆರೆ ಬೀಳುತ್ತದೆ. ಅಶುದ್ಧವಾದ ಪದ ಯಾವ ತಡೆಯೂ ಇಲ್ಲದೆ ಮುಂದೆ ಸಾಗುತ್ತದೆ. ಒಂದೇ ಮಿಂಚಂಚೆಯಲ್ಲಿ ಎರಡು ಮೂರು ಭಾಷೆಗಳು ಕೂಡಿ ಬರುವ ನಾಡಿನಲ್ಲಿ ಈ ಊಹೆಯ ಗುಣದೋಷಗಳು ಕೇವಲ ಯಂತ್ರಶಿಲ್ಪಿಗಳಿಗೆ ಬಿಡತಕ್ಕ ವಿಷಯವಲ್ಲ. ಪದದ ಕುಲವನ್ನೂ ರೂಪವನ್ನೂ ನಿರ್ಣಯಿಸುವುದು ವೈಯಾಕರಣರ ಕಾರ್ಯವಾದುದರಿಂದ, ಕನ್ನಡ ವ್ಯಾಕರಣದ ದೃಷ್ಟಿಯಿಂದ ಅವುಗಳನ್ನು ಪರೀಕ್ಷಿಸುವುದು ಉಚಿತವಾಗಿದೆ.

ಇಂತಹ ಪರೀಕ್ಷೆಗೆ ಹಾರೋಹಳ್ಳಿಯ ಸೀಮೆ ಒಳ್ಳೆಯ ನಿದರ್ಶನವನ್ನು ಒದಗಿಸುತ್ತದೆ. ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಈ ಊರು ಮೊದಲು ಕನಕಪುರ ತಾಲ್ಲೂಕಿನ ಒಂದು ಹೋಬಳಿಯಾಗಿದ್ದು, ಈಚೆಗೆ ತಾನೇ ತಾಲ್ಲೂಕಿನ ಕೇಂದ್ರವಾಗಿದೆ. ಹೊಲ, ಹಿಪ್ಪುನೇರಳೆಯ ತೋಟ, ಹಾಲಿನ ವ್ಯವಹಾರ ಇವುಗಳ ಪಕ್ಕದಲ್ಲಿಯೇ ದೊಡ್ಡ ಕೈಗಾರಿಕಾ ಪ್ರದೇಶವೂ ಅಲ್ಲಿ ಬೆಳೆದಿದೆ. ಕಾರ್ಖಾನೆಯ ಕಚೇರಿಯಲ್ಲಿ ಕುಳಿತ ಗುಮಾಸ್ತೆಯು ಮೇಲಧಿಕಾರಿಗಳಿಗೆ ಇಂಗ್ಲಿಷಿನಲ್ಲಿಯೂ ಪಂಚಾಯತಿಗೆ ಕನ್ನಡದಲ್ಲಿಯೂ ಬರೆಯಬೇಕಾಗುವುದು ಸಹಜ. ಹಲವು ವೇಳೆ ಎರಡೂ ಒಂದೇ ಪತ್ರದಲ್ಲಿ ಸೇರುತ್ತವೆ. ಉದಾಹರಣೆಗಾಗಿ ಕಲ್ಪಿಸಿಕೊಂಡ ಒಂದು ವಾಕ್ಯ ಹೀಗಿರಬಹುದು: ‘ಮರಳವಾಡಿಯಿಂದ ನಾಳೆ ಶಿಫ್ಟಿಗೆ ಬರುವವರ ಲಿಸ್ಟನ್ನು ಗೇಟಿಗೆ ಕಳುಹಿಸಿ.’ ಇದರ ಹಿಂದೆ ಮುಂದೆ ಇಂಗ್ಲಿಷ್ ವಾಕ್ಯಗಳಿರುವುವೆಂದು ಭಾವಿಸಿದರೆ, ಈ ಪತ್ರವನ್ನು ಯಾವ ಭಾಷೆಯದೆಂದು ಕರೆಯಬೇಕು? ಅಷ್ಟೇಕೆ, ‘ಲಿಸ್ಟನ್ನು’ ಎಂಬ ಒಂದೇ ಪದವನ್ನು ಯಾವ ಭಾಷೆಯದೆಂದು ಕರೆಯಬೇಕು? ವಿಚಾರದ ತಿರುಳೆಲ್ಲ ಈ ಎರಡನೆಯ ಪ್ರಶ್ನೆಯಲ್ಲಿದೆ.

೨

ಒಂದೇ ಬರೆಹದಲ್ಲಿ ಹಲವು ಭಾಷೆಗಳು ಸೇರುವುದು ಈ ಕಾಲದ ವಿಕಾರವೆಂದು ಭಾವಿಸುವವರು ಶಾಸನಗಳನ್ನು ನೋಡಬೇಕು. ಸುಮಾರು ಕ್ರಿ. ಶ. ೪೫೦ರದೆಂದು ಹೇಳಲಾಗುವ ಹಲ್ಮಿಡಿ ಶಾಸನವೇ ವಿಷ್ಣುಸ್ತುತಿಯ ಸಂಸ್ಕೃತ ಶ್ಲೋಕದಿಂದ ಮೊದಲಾಗಿ ಆಮೇಲೆ ಕನ್ನಡ ಗದ್ಯಕ್ಕೆ ತಿರುಗುತ್ತದೆ. ಲಿಪಿ ಒಂದೇ, ಭಾಷೆ ಎರಡು. ಬಿ. ಎಲ್. ರೈಸರು ೧೯೦೫ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ ಚನ್ನಪಟ್ಟಣ, ಮಾಗಡಿ ಮತ್ತು ಆಗ ಕಾನಕಾನಹಳ್ಳಿಯೆನಿಸಿದ್ದ ಕನಕಪುರ ಇವುಗಳ ಶಾಸನಗಳು ಸೇರಿವೆ. ಅವುಗಳಲ್ಲಿ ಕನ್ನಡದ ಜತೆಗೆ ತಮಿಳು ಶಾಸನಗಳೂ ಇವೆ; ಮಳೂರುಪಟ್ಟಣದ ಕಡೆ ಚೋಳರ ಆಳ್ವಿಕೆ ನಡೆದುದಕ್ಕೆ ಅವು ಸಾಕ್ಷಿ. ಆದುದರಿಂದ ಈ ಸೀಮೆ ಒಂದು ಸಾವಿರ ವರ್ಷಗಳಿಂದಲೂ ಬಹುಭಾಷಾ ಬರೆಹದ ಸೀಮೆಯೇ ಆಗಿದೆ. ಆದರೆ ಶಾಸನಗಳಲ್ಲಿ ಭಾಷೆಯ ಮಾರ್ಪಾಟಿಗೆ ಒಂದು ನೆಲೆಯುಂಟು. ಸ್ತುತಿ, ಶಾಪಾಶಯಗಳು ಸಂಸ್ಕೃತದಲ್ಲಿಯೂ, ದಾನದ ವಿವರ, ಎಲ್ಲೆಕಟ್ಟುಗಳು ನಾಡನುಡಿಯಲ್ಲಿಯೂ ಬರುವುದು ಸಾಮಾನ್ಯ. ಎಲ್ಲಿ ಭಾಷೆ ಬದಲಾಗುವುದೆಂಬುದನ್ನು ವಿಷಯವೇ ಸೂಚಿಸುವುದರಿಂದ ಶಾಸನವನ್ನು ಓದುವವನಿಗೆ ಭಾಷಾನಿರ್ಣಯ ಅಷ್ಟಾಗಿ ತೊಡಕಾಗುವುದಿಲ್ಲ.

ತೊಡಕು ಇರುವುದು ಬೆರಕೆ ವಾಕ್ಯದ ಮಟ್ಟದಿಂದ ಪದದ ಮಟ್ಟಕ್ಕೆ ಇಳಿದಾಗ. ಇದನ್ನು ಕನ್ನಡದ ಲಾಕ್ಷಣಿಕರು ಬಹಳ ಹಿಂದೆಯೇ ಕಂಡಿದ್ದರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿಯೇ ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಕೂಡಿಸಿ ಸಮಾಸ ಮಾಡುವುದರ ಖಂಡನೆಯಿದೆ. ೧೧೧೨ರಲ್ಲಿ ಧರ್ಮಾಮೃತವನ್ನು ರಚಿಸಿದ ನಯಸೇನನು ಅಂತಹ ಬೆರಕೆಯನ್ನು ತುಪ್ಪ ಎಣ್ಣೆಗಳ ಬೆರಕೆಗೆ ಹೋಲಿಸಿದುದು ಪ್ರಸಿದ್ಧವಾಗಿದೆ. ಸುಮಾರು ೧೨೬೦ರಲ್ಲಿದ್ದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅರಿಸಮಾಸವನ್ನು ನಿಷೇಧಿಸಿದನಾದರೂ ಬಿರುದಾವಳಿ ಮೊದಲಾದ ಕಡೆಗಳಲ್ಲಿ ಅದನ್ನು ಒಪ್ಪಿಕೊಂಡನು. ಈ ಗ್ರಂಥಕರ್ತರು ಬೆರಕೆಯನ್ನು ಮೆಚ್ಚಿದರೊ ಇಲ್ಲವೊ ಎಂಬುದು ಇಲ್ಲಿ ಮುಖ್ಯವಲ್ಲ. ಬೆರಕೆಯ ಯೋಗ್ಯತೆಯನ್ನು ಹೇಳುವ ಮೊದಲು ಪ್ರತಿಯೊಂದು ಪದವೂ ಯಾವ ಕುಲದ್ದೆಂದು ಬಿಡಿಸಿ ನೋಡಿದುದು ಅವರ ಕ್ರಮ. ದೇಶ್ಯ, ತತ್ಸಮ, ತದ್ಭವಗಳೆಂಬ ವಿಭಾಗದ ಪ್ರಯೋಜನ ಅದೇ.

ಕೇಶಿರಾಜನ ಇನ್ನೊಂದು ಉಪಕಾರವನ್ನೂ ಇಲ್ಲಿ ನೆನೆಯಬೇಕು. ಅವನ ಕಾಲಕ್ಕೆ ೞಕಾರವು ಮಾತಿನಿಂದ ಮರೆಯಾಗುತ್ತ ಬಂದು, ಬರೆಯುವವರಿಗೆ ಎಲ್ಲಿ ಅದನ್ನು ಬರೆಯಬೇಕೆಂಬ ಸಂದೇಹವುಂಟಾಗಿತ್ತು. ಅವನು ರಳ, ಕುಳ, ಕ್ಷಳಗಳನ್ನು ವಿಂಗಡಿಸಿ, ರಳವಿರುವ ಶಬ್ದಗಳನ್ನು ಎಣಿಸಿಕೊಟ್ಟನು. ಸಂಸ್ಕೃತದ ಲಕಾರದ ಸ್ಥಾನದಲ್ಲಿ ಬಂದ ಳಕಾರಕ್ಕೂ ಕನ್ನಡಕ್ಕೆ ಸಹಜವಾದ ಳಕಾರಕ್ಕೂ ಬರೆಹದಲ್ಲಿ ಭೇದವಿಲ್ಲದಿದ್ದರೂ ಹುಟ್ಟಿನಿಂದ ಭೇದವನ್ನು ತೋರಿಸಿದನು. ಶುದ್ಧರೂಪಗಳ ಪಟ್ಟಿ ಒಂದು, ಪದದ ಮೂಲವನ್ನು ತಿಳಿಯುವ ವಿವೇಕ ಒಂದು: ಇವೆರಡೂ ಕೂಡಿದಲ್ಲದೆ ಅಕ್ಷರಶುದ್ಧಿ ಸಾಧ್ಯವಾಗದೆಂಬುದು ಅವನ ಕ್ರಮದಿಂದ ತಿಳಿಯುತ್ತದೆ. ಇಂದಿನ ಯಂತ್ರಗಳಲ್ಲಿ ಮೊದಲನೆಯದು ಬೇಕಾದಷ್ಟು ಇದೆ. ಎರಡನೆಯದರ ಕೊರತೆಯೇ ದೋಷಗಳಿಗೆ ಕಾರಣ.

೩

ಪತ್ರದ ಭಾಷೆಯನ್ನು ತಾನಾಗಿ ಆರಿಸಿಕೊಳ್ಳುವುದಕ್ಕೆ ತಂತ್ರಾಂಶಗಳು ಹಿಡಿದಿರುವ ದಾರಿಗಳನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ಪತ್ರ ಯಾರಿಗೆ ಹೋಗುವುದೆಂಬುದನ್ನು ನೋಡಿ ನಿರ್ಣಯಿಸುವುದು. ಇಂಥ ವಿಳಾಸಕ್ಕೆ ಹಿಂದೆ ಇಂಥ ಭಾಷೆಯಲ್ಲಿ ಬರೆದುದುಂಟಾದರೆ ಈಗಲೂ ಅದೇ ನಿಘಂಟನ್ನು ತೆರೆಯುವುದು ಇದರ ಕ್ರಮ. ಒಬ್ಬನಿಗೆ ಒಂದೇ ಭಾಷೆಯಲ್ಲಿ ಬರೆಯುವ ದೇಶಗಳಲ್ಲಿ ಇದು ಸಾಕು. ಒಬ್ಬನಿಗೇ ಬೆಳಿಗ್ಗೆ ಲೆಕ್ಕದ ವಿಷಯವನ್ನು ಇಂಗ್ಲಿಷಿನಲ್ಲಿಯೂ ಸಂಜೆ ಮದುವೆಯ ಕರೆಯನ್ನು ಕನ್ನಡದಲ್ಲಿಯೂ ಕಳುಹಿಸುವ ಕಡೆ ಇದರಿಂದ ಏನೂ ಸಾಗದು.

ಎರಡನೆಯದು ಕೀಲಿಮಣೆಯನ್ನು ಅನುಸರಿಸುವುದು. ಬರೆಯುವವನು ಕನ್ನಡ ಕೀಲಿಮಣೆಗೆ ತಿರುಗಿದೊಡನೆ ಕನ್ನಡ ನಿಘಂಟು, ಇಂಗ್ಲಿಷಿಗೆ ತಿರುಗಿದೊಡನೆ ಇಂಗ್ಲಿಷ್ ನಿಘಂಟು. ಇದರಲ್ಲಿ ಬರೆಯುವವನ ಸಂಕಲ್ಪಕ್ಕೆ ಬೆಲೆಯುಂಟು. ಆದರೆ ಸಂಕಲ್ಪವನ್ನು ಕೀಲಿಮಣೆ ಸರಿಯಾಗಿ ಸೂಚಿಸಿದಾಗ ಮಾತ್ರ. ಕನ್ನಡವನ್ನು ರೋಮನ್ ಅಕ್ಷರಗಳಲ್ಲಿಯೇ ಬರೆದುಬಿಡುವವರು ಬಹುಮಂದಿ ಇದ್ದಾರೆ. ಅಂತಹ ಬರೆಹದಲ್ಲಿ ‘ಮನೆ’ ಎಂಬುದು ಕುದುರೆಯ ಕೇಸರವೆಂಬರ್ಥದ ಇಂಗ್ಲಿಷ್ ಪದವಾಗಿಯೂ, ‘ಸರಿ’ ಎಂಬುದು ಸೀರೆಯಾಗಿಯೂ, ‘ಬರೆ’ ಎಂಬುದು ಬರಿದೆಂಬರ್ಥದ ಪದವಾಗಿಯೂ ಯಂತ್ರಕ್ಕೆ ಕಾಣುತ್ತವೆ. ಇವು ಮೂರೂ ಕೆಂಪುಗೆರೆಯಿಲ್ಲದೆ ಪಾರಾಗುತ್ತವೆ. ಪಕ್ಕದ ‘ತಿಂಗಳು’ ತಪ್ಪೆನಿಸಿಕೊಳ್ಳುತ್ತದೆ. ಒಪ್ಪಿಗೆಯೂ ನಿರಾಕರಣೆಯೂ ಇಲ್ಲಿ ಸಮಾನವಾಗಿ ಆಕಸ್ಮಿಕವೆಂಬುದನ್ನು ಗಮನಿಸಬೇಕು.

ಮೂರನೆಯದು ಅಕ್ಷರಗುಂಪುಗಳ ಎಣಿಕೆ. ಕ್ಯಾವ್ನರ್ ಮತ್ತು ಟ್ರೆಂಕಲ್ ಎಂಬ ವಿದ್ವಾಂಸರು ೧೯೯೪ರಲ್ಲಿ ಇದನ್ನು ವಿಶದಪಡಿಸಿದರು. ಒಂದೊಂದು ಭಾಷೆಯಲ್ಲಿಯೂ ಹೆಚ್ಚಾಗಿ ಬರುವ ಒಂದರಿಂದ ಐದರವರೆಗಿನ ಅಕ್ಷರಗಳ ಗುಂಪುಗಳನ್ನು ಎಣಿಸಿ ಶ್ರೇಣಿ ಕಟ್ಟಿಕೊಂಡು, ಪರೀಕ್ಷಿಸಬೇಕಾದ ಬರೆಹದ ಶ್ರೇಣಿ ಯಾವುದಕ್ಕೆ ಹತ್ತಿರವಾಗಿದೆಯೆಂದು ನೋಡುವುದು ಈ ವಿಧಾನ. ಬೇರೆ ಬೇರೆ ಭಾಷೆಗಳ ಲೇಖನಗಳ ಮೇಲೆ ಇದನ್ನು ಪ್ರಯೋಗಿಸಿ ನೂರಕ್ಕೆ ೯೯.೮ರಷ್ಟು ಸರಿಯಾದ ಉತ್ತರ ದೊರಕಿತೆಂದು ಅವರು ತಿಳಿಸಿದ್ದಾರೆ. ಈ ಸಂಖ್ಯೆಯನ್ನು ಕಂಡು ಪ್ರಶ್ನೆ ಪರಿಹಾರವಾಯಿತೆಂದು ಹೇಳುವವರುಂಟು. ಆದರೆ ಅಲ್ಲಿ ಪರೀಕ್ಷೆಗೆ ಒಳಗಾದುದು ಒಂದೊಂದು ಭಾಷೆಯಲ್ಲಿ ಬರೆದ ಇಡೀ ಲೇಖನಗಳು. ‘ಗೇಟಿಗೆ ಕಳುಹಿಸಿ’ ಎಂಬ ಎರಡು ಪದಗಳಲ್ಲಿ ಎಣಿಸುವುದಕ್ಕೆ ಗುಂಪುಗಳೆಷ್ಟಿದ್ದಾವು? ಎಣಿಕೆಯ ಸತ್ಯವು ರಾಶಿಯನ್ನು ಆಶ್ರಯಿಸಿದೆ. ಒಂಟಿ ಪದದ ಎದುರಿನಲ್ಲಿ ಅದು ದುರ್ಬಲವಾಗುತ್ತದೆ. ಅಲ್ಲದೆ ಇಡೀ ಪತ್ರಕ್ಕೆ ಒಂದೇ ಉತ್ತರವನ್ನು ಕೊಟ್ಟರೆ, ಬಹುಮತ ಪಡೆದ ಭಾಷೆಯ ನಿಯಮಕ್ಕೆ ಅಲ್ಪಸಂಖ್ಯೆಯ ಪದಗಳೆಲ್ಲ ಗುರಿಯಾಗುತ್ತವೆ.

ನಾಲ್ಕನೆಯದು ಹಲವು ನಿಘಂಟುಗಳನ್ನು ಒಟ್ಟಿಗೆ ತೆರೆದಿಡುವುದು. ಫೈರ್‌ಫಾಕ್ಸ್ ಜಾಲದರ್ಶಕವು ೨೦೨೨ರಿಂದ ಇದಕ್ಕೆ ಅವಕಾಶ ಕೊಟ್ಟಿದೆ. ಯಾವುದಾದರೂ ಒಂದು ನಿಘಂಟಿನಲ್ಲಿ ಪದ ದೊರಕಿದರೆ ಅದು ಶುದ್ಧ. ನಿರ್ಣಯದ ಹೊಣೆಯನ್ನೇ ಬಿಟ್ಟುಕೊಡುವ ಈ ಉಪಾಯವು ಮೇಲಿನ ಮೂರಕ್ಕಿಂತ ಉದಾರವಾದುದು. ಉದಾರತೆಯೇ ಇದರ ದೋಷ. ಹಳೆಯ ಮೈಸೂರಿನ ಹಳ್ಳಿಗಳ ಮಾತಿನಲ್ಲಿ ಪದದ ಮೊದಲ ಹಕಾರ ಬಿದ್ದುಹೋಗುವುದು ಸಾಮಾನ್ಯ. ಮಾತಿನಂತೆ ಬರೆಯುವ ವಿದ್ಯಾರ್ಥಿಯು ‘ಹಾಲು’ ಎನ್ನುವಲ್ಲಿ ‘ಆಲು’ ಎಂದು ಬರೆದರೆ, ಹಿಂದಿಯಿಂದ ಬಂದ ಆಲೂಗಡ್ಡೆಯ ಹೆಸರಾಗಿ ಅದು ಅಂಗೀಕಾರ ಪಡೆಯಬಹುದು. ‘ಹಕ್ಕಿ’ ‘ಅಕ್ಕಿ’ಯಾದರೂ, ‘ಹಲ್ಲಿ’ ‘ಅಲ್ಲಿ’ಯಾದರೂ ಕನ್ನಡ ನಿಘಂಟೊಂದೇ ಅವುಗಳನ್ನು ಬಿಟ್ಟುಬಿಡುತ್ತದೆ. ನಿಘಂಟುಗಳು ಹೆಚ್ಚಿದಷ್ಟೂ ಇಂತಹ ಕಳ್ಳದಾರಿಗಳು ಹೆಚ್ಚುತ್ತವೆ.

೪

ಕನ್ನಡದ ವಿಷಯದಲ್ಲಿ ಇಷ್ಟೆಲ್ಲ ಶ್ರಮವೇಕೆ, ಲಿಪಿಯನ್ನು ನೋಡಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ೧೯೯೧ರ ಯೂನಿಕೋಡ್ ಸಂಹಿತೆಯ ಮೊದಲನೆಯ ಆವೃತ್ತಿಯಿಂದಲೂ ಕನ್ನಡ ಲಿಪಿಗೆ ೧೨೮ ಸ್ಥಾನಗಳ ಪ್ರತ್ಯೇಕವಾದ ವಿಭಾಗವಿದೆ. ಫ್ರೆಂಚ್ ಇಂಗ್ಲಿಷ್‌ಗಳು ಒಂದೇ ಲಿಪಿಯನ್ನು ಹಂಚಿಕೊಂಡು ಪಡುವ ಕಷ್ಟ ಕನ್ನಡ ಇಂಗ್ಲಿಷ್‌ಗಳ ನಡುವೆ ಇರಬೇಕಾಗಿಲ್ಲ. ಇಂತಹ ಸೌಲಭ್ಯವಿದ್ದೂ ಇಡೀ ಪತ್ರಕ್ಕೆ ಒಂದೇ ಭಾಷೆಯನ್ನು ಹೊರಿಸುವ ತಂತ್ರಾಂಶವು ಕೈಯಲ್ಲಿ ದೀಪ ಹಿಡಿದು ಕತ್ತಲೆಯಲ್ಲಿ ತಡವರಿಸಿದಂತೆ.

ಆದರೆ ಲಿಪಿ ಭಾಷೆಯಲ್ಲ. ತುಳು, ಕೊಡವ ಭಾಷೆಗಳೂ ಕರ್ನಾಟಕದ ಕೊಂಕಣಿಯೂ ಬಹುಮಟ್ಟಿಗೆ ಕನ್ನಡ ಲಿಪಿಯಲ್ಲಿಯೇ ಬರೆಯಲ್ಪಡುತ್ತವೆ. ೨೦೧೧ರ ಜನಗಣತಿಯ ಪ್ರಕಾರ ತುಳುವನ್ನು ಮಾತೃಭಾಷೆಯೆಂದು ಹೇಳಿಕೊಂಡವರೇ ೧೮ ಲಕ್ಷಕ್ಕೂ ಹೆಚ್ಚು. ೨೦೨೪ರಲ್ಲಿ ತುಳು-ತಿಗಳಾರಿ ಲಿಪಿಗೂ ಯೂನಿಕೋಡ್‌ನಲ್ಲಿ ಸ್ಥಾನ ದೊರಕಿತಾದರೂ ದಿನದಿನದ ಪತ್ರವ್ಯವಹಾರಕ್ಕೆ ಕನ್ನಡ ಲಿಪಿಯೇ ರೂಢಿಯಲ್ಲಿದೆ. ‘ಉಂಡು’ ಎಂಬುದು ತುಳುವಿನಲ್ಲಿ ‘ಇದೆ’ ಎಂಬರ್ಥದ ಕ್ರಿಯಾಪದ, ಕನ್ನಡದಲ್ಲಿ ಊಟ ಮಾಡಿ ಎಂಬರ್ಥದ ಕೃದಂತ; ‘ಅವು’ ತುಳುವಿನಲ್ಲಿ ಏಕವಚನ, ಕನ್ನಡದಲ್ಲಿ ಬಹುವಚನ. ಲಿಪಿಯೊಂದನ್ನೇ ನಂಬಿದ ಯಂತ್ರವು ತುಳುವರ ಪತ್ರವನ್ನು ತಪ್ಪುಗಳಿಂದ ತುಂಬಿದ ಕನ್ನಡವೆಂದೇ ಓದುತ್ತದೆ. ರೋಮನ್ ಅಕ್ಷರಗಳಲ್ಲಿ ಬರೆದ ಕನ್ನಡವನ್ನು ತಪ್ಪು ಇಂಗ್ಲಿಷೆಂದು ಎಣಿಸುವುದು ಅನ್ಯಾಯವಾದರೆ ಇದೂ ಅಷ್ಟೇ ಅನ್ಯಾಯ.

ಇದಕ್ಕೆ ವಿಪರೀತವಾದ ಸ್ಥಿತಿಯೂ ಉಂಟು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ರೋಮನ್ ಅಕ್ಷರಗಳ ಸಂಕೇತಸ್ಥಾನಗಳಿಗೆ ಕನ್ನಡ ಅಕ್ಷರಗಳ ಆಕಾರವನ್ನು ತೊಡಿಸಿ ಬರೆಯುವ ಪದ್ಧತಿಯಿತ್ತು. ಅಂತಹ ಹಳೆಯ ಕಡತವೊಂದರ ಭಾಗವನ್ನು ಪತ್ರಕ್ಕೆ ನಕಲು ಮಾಡಿದರೆ ಅಕ್ಷರರೂಪ ಕಳಚಿಹೋಗಿ ರೋಮನ್ ಚಿಹ್ನೆಗಳ ರಾಶಿ ಕಾಣಿಸುತ್ತದೆ. ಕಣ್ಣಿಗೆ ಕನ್ನಡವಾಗಿದ್ದುದು ಯಂತ್ರಕ್ಕೆ ಎಂದೂ ಕನ್ನಡವಾಗಿರಲಿಲ್ಲ.

೫

ಎಲ್ಲಕ್ಕಿಂತ ಕಠಿನವಾದ ತೊಡಕು ಪ್ರತ್ಯಯಗಳದು. ಇಂಗ್ಲಿಷ್ ನಾಮಪದಕ್ಕೆ ಬರೆಹದಲ್ಲಿ ಏಕವಚನ, ಬಹುವಚನ, ಅವುಗಳ ಷಷ್ಠೀರೂಪ ಎಂದು ನಾಲ್ಕು ರೂಪಗಳು. ಕನ್ನಡ ನಾಮಪದಕ್ಕೆ ಏಳು ವಿಭಕ್ತಿ, ಎರಡು ವಚನಗಳಿಂದ ೧೪ ರೂಪಗಳು. ಇವುಗಳ ಮೇಲೆ ಊ, ಏ, ಓ, ಆ ಎಂಬವುಗಳಲ್ಲಿ ಒಂದು ಸೇರಬಹುದು, ಸೇರದೆಯೂ ಇರಬಹುದು ಎಂದು ಗಣಿಸಿದರೆ ಮೊತ್ತ ೭೦ ಆಗುತ್ತದೆ. ಸಮಾಸಗಳನ್ನೂ ಸಂಧಿಗಳನ್ನೂ ಇದರಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಪದಗಳ ಪಟ್ಟಿಯನ್ನು ಮಾತ್ರ ಹಿಡಿದ ಪರೀಕ್ಷಕನು ಇಂತಹ ಭಾಷೆಯಲ್ಲಿ ಸೋಲುವುದು ಅನಿವಾರ್ಯ. ಈಗ ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಮೊದಲಾದುವುಗಳಲ್ಲಿ ಬಳಕೆಯಲ್ಲಿರುವ ಹನ್‌ಸ್ಪೆಲ್ ಎಂಬ ಸಾಧನವನ್ನು ಲಾಸ್ಲೊ ನೇಮೆತ್ ಎಂಬುವರು ಮೊದಲು ಸಿದ್ಧಪಡಿಸಿದುದು ಹಂಗೇರಿಯನ್ ಭಾಷೆಗಾಗಿ. ಅದೂ ಕನ್ನಡದಂತೆ ಪ್ರತ್ಯಯಗಳ ಮೇಲೆ ಪ್ರತ್ಯಯಗಳನ್ನು ಹೇರುವ ಭಾಷೆ. ಆದುದರಿಂದಲೇ ಅದರಲ್ಲಿ ಪ್ರಕೃತಿಗಳ ಪಟ್ಟಿ ಒಂದು ಕಡತದಲ್ಲಿಯೂ ಪ್ರತ್ಯಯಗಳ ನಿಯಮ ಇನ್ನೊಂದರಲ್ಲಿಯೂ ಇರುತ್ತವೆ. ಇದು ವೈಯಾಕರಣರಿಗೆ ಹೊಸ ಮಾತಲ್ಲ. ಪ್ರಕೃತಿ ಪ್ರತ್ಯಯಗಳ ವಿಭಾಗವೇ.

ಆದರೂ ಒಂದು ಕೊರತೆ ಉಳಿಯಿತು. ಪ್ರಕೃತಿಯೂ ಪ್ರತ್ಯಯವೂ ಒಂದೇ ಭಾಷೆಯವೆಂಬುದು ಈ ವ್ಯವಸ್ಥೆಯ ಆಧಾರ. ‘ಶಿಫ್ಟಿಗೆ’, ‘ಲಿಸ್ಟನ್ನು’, ‘ಗೇಟಿಗೆ’ ಎಂಬಲ್ಲಿ ಪ್ರಕೃತಿ ಇಂಗ್ಲಿಷಿನದು, ಪ್ರತ್ಯಯ ಕನ್ನಡದ್ದು. ಕನ್ನಡ ನಿಘಂಟಿನಲ್ಲಿ ಪ್ರಕೃತಿಯಿಲ್ಲ. ಇಂಗ್ಲಿಷ್ ನಿಘಂಟಿಗೆ ಈ ಲಿಪಿಯೇ ತಿಳಿಯದು. ಎರಡು ನಿಘಂಟುಗಳನ್ನು ಒಟ್ಟಿಗೆ ತೆರೆದರೂ ಪದ ಎರಡರಲ್ಲಿಯೂ ಸಿಕ್ಕುವುದಿಲ್ಲ. ಆದರೆ ಇವು ಕನ್ನಡ ಪದಗಳೆಂಬುದರಲ್ಲಿ ಸಂದೇಹಕ್ಕೆಡೆಯಿಲ್ಲ. ಯಾವ ಪದಕ್ಕೆ ಕನ್ನಡ ವಿಭಕ್ತಿ ಹತ್ತಿತೊ ಆ ಪದ ಆ ವಾಕ್ಯದ ಮಟ್ಟಿಗೆ ಕನ್ನಡವೇ ಆಗಿದೆ. ಶಾಲೆಯ ವ್ಯಾಕರಣಗಳಲ್ಲಿ ಅನ್ಯದೇಶ್ಯವೆಂಬ ವರ್ಗಕ್ಕೆ ಸ್ಥಾನವಿರುವುದೂ ಇದಕ್ಕಾಗಿಯೇ. ೧೮೯೪ರಲ್ಲಿ ಅಚ್ಚಾದ ಕಿಟ್ಟೆಲರ ಕೋಶವು ಹಿಂದೂಸ್ತಾನಿ, ಮರಾಠಿ ಮೂಲದ ಪದಗಳನ್ನು ಕನ್ನಡ ಕೋಶದೊಳಗೇ ಸೇರಿಸಿಕೊಂಡು ಅವುಗಳ ಮೂಲವನ್ನು ಸೂಚಿಸಿದೆ. ಒಳಗೆ ಸೇರಿಸಿಕೊಳ್ಳುವುದು, ಮೂಲವನ್ನು ಮರೆಯದಿರುವುದು ಎಂಬ ಆ ಮೇಲ್ಪಂಕ್ತಿಯನ್ನು ಇಂದಿನ ಯಂತ್ರನಿಘಂಟುಗಳು ಅನುಸರಿಸಿದರೆ ಅರ್ಧ ತೊಡಕು ಕಳೆಯುತ್ತದೆ.

ಉಳಿದರ್ಧಕ್ಕೆ ‘ಮೇಲ್’ ಎಂಬ ಪದವೇ ಉದಾಹರಣೆ. ಸಪ್ತಮಿಯಲ್ಲಿ ಇದನ್ನು ‘ಮೇಲಿನಲ್ಲಿ’ ಎಂದು ಬರೆಯುವವರಿದ್ದಾರೆ, ‘ಮೇಲ್‌ನಲ್ಲಿ’ ಎಂದು ಬರೆಯುವವರೂ ಇದ್ದಾರೆ. ಎರಡನೆಯ ರೂಪದಲ್ಲಿ ಲಕಾರ ನಕಾರಗಳು ಒತ್ತಕ್ಷರವಾಗಿ ಕೂಡದಂತೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಡುವೆ ಇಡಬೇಕಾಗುತ್ತದೆ. ಅದನ್ನು ಬಿಟ್ಟು ಬರೆದರೆ ಯಂತ್ರಕ್ಕೆ ಅದು ಮೂರನೆಯ ರೂಪ. ಇನ್ನು ‘ಮೇಲಿನ ವಿಷಯ’ ಎಂದರೆ ಪತ್ರದ ವಿಷಯವೊ, ಮೇಲೆ ಹೇಳಿದ ವಿಷಯವೊ? ಇಂಗ್ಲಿಷಿನ ಅನ್ಯದೇಶ್ಯವೂ ಅಚ್ಚಗನ್ನಡದ ‘ಮೇಲು’ ಎಂಬುದೂ ಷಷ್ಠಿಯಲ್ಲಿ ಒಂದಾಗಿಬಿಟ್ಟಿವೆ. ಇಂತಹ ಕಡೆ ಅಕ್ಕಪಕ್ಕದ ಪದಗಳಲ್ಲದೆ ಬೇರೆ ಪ್ರಮಾಣವಿಲ್ಲ.

೬

ಕೆಂಪುಗೆರೆಯೊಂದು ಸೂಚನೆ ಮಾತ್ರ. ಬಲ್ಲವನು ಅದನ್ನು ಲಕ್ಷಿಸದೆ ಮುಂದೆ ಹೋಗಬಹುದು. ಇದಕ್ಕೆ ಇಷ್ಟು ವಿಚಾರವೇಕೆ ಎಂಬುದು ಕೊನೆಯ ಪೂರ್ವಪಕ್ಷ. ಬಲ್ಲವನ ಮಟ್ಟಿಗೆ ಇದು ನಿಜ. ಆದರೆ ಕಾಗುಣಿತವನ್ನು ತಿದ್ದುವ ಸಾಧನ ಬೇಕಾಗಿರುವುದು ಬಲ್ಲವನಿಗಲ್ಲ, ಸಂದೇಹವುಳ್ಳವನಿಗೆ. ಹಳ್ಳಿಯ ಶಾಲೆಯಿಂದ ಬಂದು ಕಚೇರಿಯಲ್ಲಿ ಹೊಸದಾಗಿ ಕುಳಿತ ತರುಣನು ‘ಕಳುಹಿಸಿ’ ಎಂಬುದರ ಕೆಳಗೆ ಗೆರೆಯನ್ನು ಕಂಡರೆ ತನ್ನ ಕನ್ನಡವನ್ನೇ ಶಂಕಿಸುತ್ತಾನೆ. ದಿನವೂ ಶಂಕಿಸಬೇಕಾಗಿ ಬಂದರೆ ಗೆರೆ ಬೀಳದ ಭಾಷೆಯಲ್ಲಿ ಬರೆಯುವುದೇ ಕ್ಷೇಮವೆಂದು ತಿಳಿಯುತ್ತಾನೆ. ಯಾವ ಆಜ್ಞೆಯೂ ಇಲ್ಲದೆ, ಯಾರ ದ್ವೇಷವೂ ಇಲ್ಲದೆ, ಭಾಷೆಯೊಂದು ಕಚೇರಿಯಿಂದ ಹಿಂದೆ ಸರಿಯುವುದಕ್ಕೆ ಇಷ್ಟು ಸಾಕು. ಗೆರೆ ಎಳೆಯುವುದಷ್ಟೇ ಅಲ್ಲದೆ ಪದವನ್ನು ತಾನಾಗಿ ಬದಲಿಸುವ ಸಾಧನಗಳಲ್ಲಂತೂ ಊರಿನ ಹೆಸರು, ಜನರ ಹೆಸರುಗಳೇ ಕೆಡುವ ಭಯವಿದೆ. ಕಾನಕಾನಹಳ್ಳಿ ಕನಕಪುರವಾದುದು, ಬ್ಯಾರಿ ಕ್ಲೋಸನ ಹೆಸರನ್ನು ಹೊತ್ತಿದ್ದ ಕ್ಲೋಸ್‌ಪೇಟೆ ರಾಮನಗರವಾದುದು ಜನರ ಮತ್ತು ಸರ್ಕಾರದ ನಿರ್ಧಾರದಿಂದ. ಹೆಸರನ್ನು ಬದಲಿಸುವ ಅಧಿಕಾರವನ್ನು ಯಂತ್ರಕ್ಕೆ ಯಾರೂ ಕೊಟ್ಟಿಲ್ಲ.

ಇದಕ್ಕೆ ಎದುರಾಗಿ, ಹೊರಗಿನ ಪದಗಳಿಗೆಲ್ಲ ಒಪ್ಪಿಗೆ ಕೊಟ್ಟರೆ ಭಾಷೆಯ ಶುದ್ಧಿ ಕೆಡುವುದೆಂದು ಕೆಲವರು ವಾದಿಸಬಹುದು. ಇಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಬೇಕು. ‘ಲಿಸ್ಟು’ ಎನ್ನುವುದಕ್ಕಿಂತ ‘ಪಟ್ಟಿ’ ಎನ್ನುವುದು ಲೇಸೆಂಬುದು ಶೈಲಿಯ ವಿಚಾರ. ಅದನ್ನು ಗುರುವೂ ಸಂಪಾದಕನೂ ಹೇಳಬೇಕು. ‘ಲಿಸ್ಟನ್ನು’ ಎಂಬುದರ ಅಕ್ಷರಗಳು ಸರಿಯೆ ಎಂಬುದು ಕಾಗುಣಿತದ ವಿಚಾರ. ಯಂತ್ರದ ಕಾರ್ಯ ಇಷ್ಟೆ. ನಯಸೇನನು ಬೆರಕೆಯನ್ನು ಆಕ್ಷೇಪಿಸಿದಾಗ ಬೆರೆತ ಪದಗಳ ಅಕ್ಷರಗಳು ತಪ್ಪೆಂದು ಹೇಳಲಿಲ್ಲ. ರುಚಿಯ ದೋಷವನ್ನು ಅಕ್ಷರದ ದೋಷವೆಂದು ಸಾರುವ ಗೆರೆಯು ಎರಡು ಶಾಸ್ತ್ರಗಳಿಗೂ ಅಪಚಾರ ಮಾಡುತ್ತದೆ.

ಈ ಪರೀಕ್ಷೆಯಿಂದ ಫಲಿಸುವುದಿಷ್ಟು. ಭಾಷಾನಿರ್ಣಯ ಪತ್ರಕ್ಕಾಗಲಿ ವಾಕ್ಯಕ್ಕಾಗಲಿ ಸೇರದೆ ಪದಕ್ಕೆ ಸೇರಬೇಕು. ಮೊದಲು ಲಿಪಿ, ಅನಂತರ ಪ್ರತ್ಯಯ, ಅನಂತರ ಪ್ರಕೃತಿ, ಕಡೆಗೆ ಅಕ್ಕಪಕ್ಕದ ಪದಗಳು ಎಂಬ ಕ್ರಮದಲ್ಲಿ ಪ್ರಮಾಣಗಳನ್ನು ನೋಡಬೇಕು. ಬರೆಯುವವನು ಸ್ಪಷ್ಟವಾಗಿ ಭಾಷೆಯನ್ನು ಸೂಚಿಸಿದ್ದರೆ ಆ ಸೂಚನೆ ಈ ಎಲ್ಲ ಪ್ರಮಾಣಗಳಿಗಿಂತ ಬಲವತ್ತರ. ಇಷ್ಟರಿಂದಲೂ ನಿರ್ಣಯವಾಗದಿದ್ದರೆ ಯಂತ್ರವು ಸುಮ್ಮನಿರಬೇಕು. ಏಕೆಂದರೆ ಗುರುತಿಸದೆ ಬಿಟ್ಟ ತಪ್ಪನ್ನು ಓದುವವನು ತಿದ್ದಿಕೊಂಡಾನು, ತಪ್ಪೆನಿಸಿಕೊಂಡ ಶುದ್ಧರೂಪವನ್ನು ಬರೆಯುವವನು ಬಿಟ್ಟೇಬಿಟ್ಟಾನು. ಊರು ಕೇರಿಗಳ ಹೆಸರುಗಳನ್ನೂ ರೂಢಿಯ ಅನ್ಯದೇಶ್ಯಗಳನ್ನೂ ಪ್ರತ್ಯಯಸಹಿತವಾಗಿ ಸಂಗ್ರಹಿಸುವ ಕಾರ್ಯ ಯಂತ್ರಶಿಲ್ಪಿಗಳಿಂದ ಆಗತಕ್ಕದ್ದಲ್ಲ. ಆಯಾ ಸೀಮೆಯ ನುಡಿಯನ್ನು ಬಲ್ಲ ಅಧ್ಯಾಪಕರು ಅದನ್ನು ಕೈಕೊಂಡರೆ, ಕೇಶಿರಾಜನು ತನ್ನ ಕಾಲದ ಬರೆಹಗಾರರಿಗೆ ರಳದ ಪಟ್ಟಿಯಿಂದ ಮಾಡಿದ ಉಪಕಾರವನ್ನು ಈ ಕಾಲದವರಿಗೆ ಅವರೇ ಮಾಡಿದಂತಾಗುವುದು. ‘ಹಾರೋಹಳ್ಳಿಯಲ್ಲಿಯೂ’ ಎಂಬ ಒಂದು ಪದ ಯಾವ ಪತ್ರದಲ್ಲಿಯೂ ಗೆರೆಯಿಲ್ಲದೆ ನಿಲ್ಲುವಂತಾದ ದಿನ ಆ ಕಾರ್ಯ ತಕ್ಕಮಟ್ಟಿಗೆ ಮುಂದುವರಿದಿದೆಯೆಂದು ತಿಳಿಯಬಹುದು.